ದುಡ್ಡಿಗಿಂತ ಮೊದಲು ಜಾಗ

ಬೆಂಗಳೂರಿನ ಹವ್ಯಾಸಿ ರಂಗತಂಡಗಳಿಗೆ ಸಾರ್ವಜನಿಕ ನೆರವು ಮೊದಲು ಬಂದದ್ದು ಕಟ್ಟಡದ ರೂಪದಲ್ಲಿ. ದುಡ್ಡು ಬಂದದ್ದು ಆಮೇಲೆ, ಅದೂ ನಿಧಾನವಾಗಿ, ಕಂತುಕಂತಾಗಿ. ಈ ಹಿಂದುಮುಂದನ್ನು ಮರೆತರೆ ನಗರದ ಕಲಾಸಂಸ್ಥೆಗಳಿಗೂ ಆಡಳಿತಕ್ಕೂ ನಡುವೆ ಬೆಳೆದ ಸಂಬಂಧ ಅರ್ಥವಾಗುವುದು ಕಷ್ಟ.

ಹವ್ಯಾಸಿಗಳಿಗೂ ಮೊದಲಿನ ಕಾಲದಲ್ಲಿ ನಾಟಕವೆಂದರೆ ಕಂಪನಿ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ತಂಡಗಳು ಊರೂರಿನಲ್ಲಿ ಮೊಕ್ಕಾಂ ಹೂಡಿ, ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡಿನಲ್ಲೇ ನಟರ ಸಂಬಳ, ಅಡುಗೆಮನೆ, ಪರದೆ, ಸಾಮಾನು ಸಾಗಣೆ ಎಲ್ಲವನ್ನೂ ತೂಗಿಸುತ್ತಿದ್ದವು. ಅರಮನೆಯ ಆಶ್ರಯ ಕೆಲವರಿಗೆ ಸಿಕ್ಕಿತ್ತು. ಉಳಿದವರಿಗೆ ಪ್ರೇಕ್ಷಕನೇ ಧಣಿ. ಮಳೆ ಹಿಡಿದರೆ ಕಂಪನಿಗೆ ಉಪವಾಸ. ಹವ್ಯಾಸಿಗಳ ಲೆಕ್ಕ ಬೇರೆ. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್, ಅಂದರೆ ಎಲ್ಲರ ಬಾಯಲ್ಲಿ ಎ.ಡಿ.ಎ., ಹಗಲು ಕಚೇರಿಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚುವವರ ಕೂಟ. ಅಲ್ಲಿ ಯಾರಿಗೂ ಸಂಬಳವಿಲ್ಲ, ಖರ್ಚು ಮಾತ್ರ ಇದೆ. ಆ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ನಗರದ ಆಡಳಿತಕ್ಕೆ ಸೇರಿದ ದೊಡ್ಡ ಸಭಾಂಗಣ 1935ರಲ್ಲಿ ತೆರೆದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಪುರಭವನ. ಎತ್ತರದ ಮೆಟ್ಟಿಲು, ಸಾಲುಗಂಬ, ಒಳಗೆ ಭಾಷಣಕ್ಕೆ ಹೇಳಿಮಾಡಿಸಿದ ವೇದಿಕೆ. ಸಭೆ, ಸನ್ಮಾನಗಳಿಗೆ ಅದು ಒಗ್ಗಿತು, ಸಂಗೀತ ಕಚೇರಿಗಳಿಗೂ ಸಾಕಾಯಿತು. ನಾಟಕಕ್ಕೆ ಬೇಕಾದ ಪಕ್ಕದ ಜಾಗ, ಬೆಳಕಿನ ವ್ಯವಸ್ಥೆ, ಸೆಟ್ಟು ಎಳೆದು ನಿಲ್ಲಿಸುವ ಆಳ ಅಲ್ಲಿ ಸಾಲುತ್ತಿರಲಿಲ್ಲ. ಹಾಗಿದ್ದೂ ಬೇರೆ ದಾರಿಯಿಲ್ಲದೆ ತಂಡಗಳು ಅಲ್ಲೇ ಆಡಿದವು.

ಬದಲಾವಣೆ ಬಂದದ್ದು ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದಿಂದ. 1961ರ ಆ ಸಂದರ್ಭಕ್ಕೆಂದು ದೇಶದ ಹಲವು ರಾಜಧಾನಿಗಳಲ್ಲಿ ರಂಗಮಂದಿರಗಳು ಎದ್ದವು. ಹೈದರಾಬಾದಿನ ರವೀಂದ್ರ ಭಾರತಿ, ಕಲ್ಕತ್ತೆಯ ರವೀಂದ್ರ ಸದನ, ಚಂಡೀಗಡದ ಟಾಗೋರ್ ಥಿಯೇಟರ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಬೆಂಗಳೂರಿನ ಪಾಲಿಗೆ ಬಂದದ್ದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಪುರಭವನದಿಂದ ನಡೆದೇ ಹೋಗುವಷ್ಟು ಹತ್ತಿರ. 1963ರಲ್ಲಿ ಅದು ಬಾಗಿಲು ತೆರೆಯಿತು. ಅಗಲವಾದ ವೇದಿಕೆ, ಬಾಲ್ಕನಿ, ಗ್ರೀನ್‌ರೂಮು, ಸರ್ಕಾರಿ ದರದ ಬಾಡಿಗೆ. ಗುಮಾಸ್ತನೊಬ್ಬ ನಾಲ್ಕು ಜನ ಗೆಳೆಯರಿಂದ ಚಂದಾ ಎತ್ತಿ ಒಂದು ಸಂಜೆಯ ಮಟ್ಟಿಗೆ ರಾಜ್ಯದ ಅತ್ಯುತ್ತಮ ವೇದಿಕೆಯನ್ನು ತನ್ನದಾಗಿಸಿಕೊಳ್ಳಬಹುದಿತ್ತು. ಕನ್ನಡ ರಂಗಭೂಮಿಗೆ ಸರ್ಕಾರ ಮಾಡಿದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕಲಾಕ್ಷೇತ್ರದ ಹಿಂಬದಿಯ ಬಯಲಿನ ಕತೆ ಇನ್ನೂ ಸ್ವಾರಸ್ಯದ್ದು. 1972ರಲ್ಲಿ ಪ್ರತಿಮಾ ನಾಟಕ ರಂಗದ ಆಶ್ರಯದಲ್ಲಿ ಬಿ.ವಿ. ಕಾರಂತರು ಅಲ್ಲಿ ಮೂರು ನಾಟಕಗಳನ್ನು ಒಟ್ಟಿಗೆ ಕಟ್ಟಿದರು: ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಪಿ. ಲಂಕೇಶರ ‘ಸಂಕ್ರಾಂತಿ’, ಲಂಕೇಶರೇ ಕನ್ನಡಕ್ಕೆ ತಂದ ‘ಈಡಿಪಸ್’. ನಗರದ ಸಾಹಿತಿಗಳು, ವಿದ್ಯಾರ್ಥಿಗಳು, ಬ್ಯಾಂಕಿನವರು, ಉಪನ್ಯಾಸಕರು ಪಾತ್ರಗಳಿಗೂ ತಾಂತ್ರಿಕ ಕೆಲಸಕ್ಕೂ ಹೆಗಲು ಕೊಟ್ಟರು. ಕನ್ನಡದ ಆಧುನಿಕ ರಂಗಭೂಮಿ ಮಗ್ಗುಲು ಬದಲಿಸಿದ್ದು ಆ ದಿನಗಳಲ್ಲಿ ಎಂದು ರಂಗಚರಿತ್ರೆ ಬರೆದವರೆಲ್ಲ ಒಪ್ಪುತ್ತಾರೆ. ಮುಂದೆ ಅದೇ ಬಯಲಿಗೆ ನಾಟಕಕಾರ ಸಂಸರ ಹೆಸರು ಬಂತು. ಮೈಸೂರು ಅರಸರ ಚರಿತ್ರೆಯನ್ನು ನಾಟಕವಾಗಿಸಿ, ಬಾಳಿನ ಉದ್ದಕ್ಕೂ ನೆಮ್ಮದಿ ಕಾಣದೆ 1939ರಲ್ಲಿ ತೀರಿಕೊಂಡ ಲೇಖಕನ ಹೆಸರು ಒಂದು ಸಾರ್ವಜನಿಕ ರಂಗಮಂದಿರಕ್ಕೆ ಸಂದದ್ದು ತಕ್ಕದಾಗಿಯೇ ಇದೆ.

ಎಪ್ಪತ್ತರ ದಶಕದಲ್ಲಿ ತಂಡಗಳು ಸಾಲುಸಾಲಾಗಿ ಹುಟ್ಟಿದವು. ನಟರಂಗ, ರಂಗಸಂಪದ, ಕಲಾಗಂಗೋತ್ರಿ, ಕಾರಂತರ ಬೆನಕ, 1975ರ ಸಮುದಾಯ. ಇವರಲ್ಲಿ ಯಾರೂ ಅನುದಾನ ನಂಬಿ ತಂಡ ಕಟ್ಟಿದವರಲ್ಲ. ಹಾಗಾದರೆ ದುಡ್ಡು ಎಲ್ಲಿಂದ? ಒಂದಷ್ಟು ಟಿಕೆಟ್ಟಿನಿಂದ, ಒಂದಷ್ಟು ಸದಸ್ಯರ ಜೇಬಿನಿಂದ, ಬಹುಪಾಲು ಸ್ಮರಣ ಸಂಚಿಕೆಯ ಜಾಹೀರಾತಿನಿಂದ. ಪ್ರದರ್ಶನಕ್ಕೆ ತಿಂಗಳು ಇರುವಾಗಲೇ ಕಾರ್ಯದರ್ಶಿ ಹೆಗಲಿಗೆ ಚೀಲ ಏರಿಸಿ ಚಿಕ್ಕಪೇಟೆಯ ಬಟ್ಟೆ ಅಂಗಡಿ, ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿ, ಗಾಂಧಿ ಬಜಾರಿನ ಹೋಟೆಲು ಸುತ್ತುತ್ತಿದ್ದ. ಪೂರ್ತಿ ಪುಟಕ್ಕೊಂದು ದರ, ಅರ್ಧ ಪುಟಕ್ಕೊಂದು, ‘ಶುಭ ಹಾರೈಕೆಗಳೊಂದಿಗೆ’ ಎಂಬ ಒಂದು ಸಾಲಿಗೆ ಇನ್ನೊಂದು. ಹಣ ಕೊಟ್ಟ ಅಂಗಡಿಯವರು ಎಷ್ಟೋ ಸಲ ನಾಟಕಕ್ಕೆ ಬರುತ್ತಿರಲಿಲ್ಲ. ಬಂದರೆ ಮುಂದಿನ ಸಾಲು ಅವರಿಗೆ.

ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣದ ಇನ್ನೊಂದು ಸಾರ್ವಜನಿಕ ನೆರವು ಆ ಕಾಲದಲ್ಲಿತ್ತು. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ. ಕಾರ್ಖಾನೆಗಳ ಕನ್ನಡ ಸಂಘಗಳೂ ಲಲಿತಕಲಾ ಸಂಘಗಳೂ ನಾಟಕ ಆಡುತ್ತಿದ್ದವು. ನೌಕರರ ಕಲ್ಯಾಣ ನಿಧಿ, ಕಾರ್ಖಾನೆಯ ಸಭಾಂಗಣ, ಕಾಲೊನಿಯ ಪ್ರೇಕ್ಷಕರು ಅವುಗಳ ಬಂಡವಾಳ. ಬ್ಯಾಂಕು, ಅಂಚೆ, ಎ.ಜಿ. ಆಫೀಸಿನ ನೌಕರರು ಸಂಜೆ ಐದೂವರೆಗೆ ಕಚೇರಿ ಬಿಟ್ಟು ಆರೂವರೆಗೆ ತಾಲೀಮಿಗೆ ಬಂದುಬಿಡುತ್ತಿದ್ದರು. ನಿಶ್ಚಿತ ಸಂಬಳ, ನಿಶ್ಚಿತ ವೇಳೆಯ ಆ ನೌಕರಿಗಳೇ ಹವ್ಯಾಸಿ ರಂಗಭೂಮಿಯ ನಿಜವಾದ ಧನಸಹಾಯವಾಗಿದ್ದವು. ತೊಂಬತ್ತರ ದಶಕದ ಮೇಲೆ ಅಂಥ ನೌಕರಿಗಳು ಕರಗುತ್ತ ಬಂದವು, ಐ.ಟಿ. ಕಂಪನಿಯ ಪಾಳಿಗೂ ಔಟರ್ ರಿಂಗ್ ರಸ್ತೆಯ ಟ್ರಾಫಿಕ್ಕಿಗೂ ಸಿಕ್ಕಿಕೊಂಡ ನಟ ತಾಲೀಮಿಗೆ ಎಂಟಕ್ಕೆ ಬಂದರೂ ಬಂದನೆಂದೇ ಸಂತೋಷಪಡಬೇಕಾಯಿತು. ತಂಡಗಳು ಸರ್ಕಾರಿ ಹಣದ ಕಡೆ ಮುಖ ಮಾಡಿದ್ದಕ್ಕೆ ಇದು ಮುಖ್ಯ ಕಾರಣ.

ಸರ್ಕಾರದ ಕಡೆಯ ವ್ಯವಸ್ಥೆ ಹೀಗೆ ಬೆಳೆಯಿತು. 1959ರಲ್ಲಿ ಮೈಸೂರು ರಾಜ್ಯದ ಸಂಗೀತ ನಾಟಕ ಅಕಾಡೆಮಿ ಸ್ಥಾಪನೆಯಾಯಿತು. ಮುಂದೆ ಅದು ಒಡೆದು ನಾಟಕಕ್ಕೊಂದು, ಸಂಗೀತ ನೃತ್ಯಕ್ಕೊಂದು, ಜಾನಪದ ಯಕ್ಷಗಾನಕ್ಕೊಂದು ಅಕಾಡೆಮಿಗಳಾದವು. ಸಾಹಿತ್ಯ ಮತ್ತು ಸಾಂಸ್ಕೃತಿಕ ಅಭಿವೃದ್ಧಿ ಇಲಾಖೆ ಎಂದಿದ್ದದ್ದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಯಿತು. ಅಕಾಡೆಮಿ ಪ್ರಶಸ್ತಿ, ಫೆಲೋಶಿಪ್, ಶಿಬಿರ, ಪುಸ್ತಕ ಪ್ರಕಟಣೆ ನೋಡಿಕೊಂಡರೆ, ಸಂಘ ಸಂಸ್ಥೆಗಳಿಗೆ ಧನಸಹಾಯ, ಪ್ರಾಯೋಜಿತ ಕಾರ್ಯಕ್ರಮ, ವಾದ್ಯ ಮತ್ತು ವೇಷಭೂಷಣ ಕೊಳ್ಳಲು ನೆರವು, ವಯಸ್ಸಾದ ಕಲಾವಿದರ ಮಾಸಾಶನ ಇಲಾಖೆಯ ಪಾಲಿನವು. ಕಲಾಕ್ಷೇತ್ರ ಮತ್ತು ಕನ್ನಡ ಭವನದ ನಯನ ಸಭಾಂಗಣದ ಬಾಗಿಲೂ ಇಲಾಖೆಯ ಕೈಯಲ್ಲೇ.

ಧನಸಹಾಯದ ನಿಯಮ ಸರಳ. ತಂಡ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಬೇಕು, ಕೆಲವು ವರ್ಷ ಕೆಲಸ ಮಾಡಿ ತೋರಿಸಿರಬೇಕು, ಲೆಕ್ಕ ಸರಿಯಿರಬೇಕು. ಕಡತದ ಕತೆ ಮಾತ್ರ ಅಷ್ಟು ಸರಳವಲ್ಲ. ಅದರೊಳಗೆ ಏನೇನಿರುತ್ತಿತ್ತು ಎಂಬುದನ್ನು ಬಿಡಿಸಿಯೇ ಹೇಳಬೇಕು. ಎಲ್ಲಕ್ಕೂ ಮೇಲೆ ತಂಡದ ಲೆಟರ್‌ಹೆಡ್ಡಿನಲ್ಲಿ ಮನವಿ. ಕೆಳಗೆ ನೋಂದಣಿ ಪತ್ರದ ಜೆರಾಕ್ಸು, ಲೆಕ್ಕಪರಿಶೋಧಕರ ಮೊಹರು ಬಿದ್ದ ಜಮಾ-ಖರ್ಚು ಪಟ್ಟಿ, ಆಹ್ವಾನ ಪತ್ರಿಕೆ, ಕರಪತ್ರ, ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯ ತುಣುಕನ್ನು ಬಿಳಿ ಹಾಳೆಗೆ ಅಂಟಿಸಿದ್ದು. ಆಮೇಲೆ ವೋಚರುಗಳು. ಮೇಕಪ್ಪಿನವರು, ಲೈಟಿನವರು, ಸೆಟ್ಟು ಸಾಗಿಸಿದ ಟೆಂಪೊದವರು, ತಿಂಡಿ ಕೊಟ್ಟ ಹೋಟೆಲಿನವರು ರೆವಿನ್ಯೂ ಸ್ಟಾಂಪಿನ ಮೇಲೆ ಹಾಯುವಂತೆ ಸಹಿ ಹಾಕಿದ ಹಾಳೆಗಳು. ಕೊನೆಯಲ್ಲಿ ಫೋಟೊ. ನಾಟಕದ ಒಳ್ಳೆಯ ದೃಶ್ಯದ ಫೋಟೊ ಇದ್ದರೆ ಸಾಲದು, ನೆರವು ಕೊಟ್ಟವರ ಹೆಸರಿರುವ ಬ್ಯಾನರ್ ಕಾಣಲೇಬೇಕು. ನಾಟಕ ನಡೆಯುವಾಗ ಬ್ಯಾನರ್ ಕಟ್ಟಲಾಗದು. ಆದ್ದರಿಂದ ಪರದೆ ಏಳುವ ಮೊದಲು ದೀಪ ಬೆಳಗುವುದು, ಗಣ್ಯರ ನಾಲ್ಕು ಮಾತು, ಶಾಲು, ಹಣ್ಣಿನ ಬುಟ್ಟಿ. ಆರೂವರೆಯ ನಾಟಕ ಏಳೂಕಾಲಿಗೆ ಶುರುವಾಗುವ ರೂಢಿ ಬೆಳೆದದ್ದರಲ್ಲಿ ಈ ಕಡತದ ಪಾಲೂ ಇದೆ.

ಕಡತ ಕೊಟ್ಟ ಮೇಲೆ ಕಾಯುವುದು. ನಾಟಕ ಆಡಿ, ಖರ್ಚು ಮಾಡಿ, ಲೆಕ್ಕ ಒಪ್ಪಿಸಿದ ಮೇಲೆ ಹಣ ಬರುವುದು ಸಾಮಾನ್ಯ ಪದ್ಧತಿಯಾದ್ದರಿಂದ ತಂಡ ಮೊದಲು ಸಾಲ ಮಾಡಲೇಬೇಕಿತ್ತು. ಮಾರ್ಚ್ ಬಂತೆಂದರೆ ಎಲ್ಲ ಕಡೆ ಗಡಿಬಿಡಿ. ಆರ್ಥಿಕ ವರ್ಷ ಮುಗಿಯುವುದರೊಳಗೆ ಬಿಲ್ಲು ಪಾಸಾಗದಿದ್ದರೆ ಮುಂದಿನ ವರ್ಷದ ಪಾಡು ಯಾರಿಗೂ ಗೊತ್ತಿಲ್ಲ. ಒಂದು ತಂಡದ ಕಾರ್ಯದರ್ಶಿ ಒಂದೇ ಮಂಜೂರಾತಿಗಾಗಿ ಒಂದು ಕಚೇರಿಯ ಮೆಟ್ಟಿಲನ್ನು ಎಂಟು ತಿಂಗಳು ಹತ್ತಿಳಿದದ್ದು, ಹಣ ಬರುವ ಹೊತ್ತಿಗೆ ಸಾಲದ ಬಡ್ಡಿಯೇ ಅದರ ಕಾಲುಭಾಗ ತಿಂದದ್ದು ರಂಗಭೂಮಿಯ ಗೆಳೆಯರ ನಡುವೆ ಬಹಳ ಕಾಲ ಮಾತಾಗಿತ್ತು. ಆ ಕಾರ್ಯದರ್ಶಿ ಮುಂದಿನ ವರ್ಷ ನಾಟಕ ನಿರ್ದೇಶಿಸಲಿಲ್ಲ. ಅರ್ಜಿ ಈಗ ಆನ್‌ಲೈನ್ ಆಗಿದೆ, ಓಡಾಟ ಕಡಿಮೆಯಾಗಿದೆ. ಮೊದಲು ಖರ್ಚು, ಆಮೇಲೆ ಹಣ ಎಂಬ ಪದ್ಧತಿ ಬದಲಾಗದಿದ್ದರೆ ಸಾಲವಂತೂ ತಪ್ಪುವುದಿಲ್ಲ.

ಧನಸಹಾಯ ಬೇಡವೆಂದು ಹೇಳುವಂತಿಲ್ಲ. ತಮಟೆ, ಡೊಳ್ಳು, ಕಂಸಾಳೆಯ ಮೇಳಗಳಿಗೆ, ತೊಗಲುಗೊಂಬೆಯವರಿಗೆ, ದಲಿತ ಮತ್ತು ಬುಡಕಟ್ಟು ಕಲಾವಿದರಿಗೆ ವಿಶೇಷ ಯೋಜನೆಗಳಲ್ಲಿ ಸಿಕ್ಕ ವಾದ್ಯ, ಉಡುಪು, ಸಂಭಾವನೆ ಅವರ ಕಲೆಗೆ ಬಲವಾಯಿತು. ಜಾತ್ರೆಯಲ್ಲಿ ಅಕ್ಕಿ ಕಾಯಿಗೆ ಕುಣಿಯುತ್ತಿದ್ದವರು ವೇದಿಕೆ ಹತ್ತಿ ಸಂಭಾವನೆಯ ಹಾಳೆಗೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ತೊಡಕಿರುವುದು ಹಂಚುವ ರೀತಿಯಲ್ಲಿ. ನಿರಂತರವಾಗಿ ಕೆಲಸ ಮಾಡುವ ತಂಡಕ್ಕೂ, ವರ್ಷಕ್ಕೊಂದು ಸಲ ಬ್ಯಾನರ್ ಕಟ್ಟುವ ಸಂಘಕ್ಕೂ ಒಂದೇ ಅರ್ಜಿ, ಒಂದೇ ಪಂಕ್ತಿ. ಒಂದು ಕಾರ್ಯಕ್ರಮಕ್ಕೆ ಹಣ ಸಿಗುತ್ತದೆ. ಮೂರು ತಿಂಗಳ ತಾಲೀಮಿಗೆ, ಹೊಸ ನಾಟಕ ಬರೆಸುವುದಕ್ಕೆ, ಸೆಟ್ಟು ಇಡುವ ಗೋದಾಮಿಗೆ ಸಿಗುವುದು ಅಪರೂಪ. ಫಲ ಕಣ್ಣೆದುರಿಗಿದೆ. ಉತ್ಸವಗಳ ಸಂಖ್ಯೆ ಏರಿತು, ಹೊಸ ನಾಟಕಗಳ ಸಂಖ್ಯೆ ಅದೇ ವೇಗದಲ್ಲಿ ಏರಲಿಲ್ಲ.

ಯಾರು ಹಂಚಬೇಕು ಎಂಬುದು ಇನ್ನೊಂದು ಗಂಟು. ಅಕಾಡೆಮಿಗಳ ಅಧ್ಯಕ್ಷರೂ ಸದಸ್ಯರೂ ಸರ್ಕಾರದ ನೇಮಕದವರು, ಅವಧಿ ಮೂರು ವರ್ಷ. 2019ರಲ್ಲಿ ಸರ್ಕಾರ ಬದಲಾದಾಗ ನೇಮಕಗಳು ಅವಧಿಗೆ ಮೊದಲೇ ರದ್ದಾದವು. 2023ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಹೊಸ ನೇಮಕಕ್ಕೆ 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಕುರ್ಚಿ ಖಾಲಿಯಿರುವಷ್ಟು ದಿನ ಹೊಸ ಯೋಜನೆಯಿಲ್ಲ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲಿ ಒಪ್ಪಿಸಿದ ಸಾಂಸ್ಕೃತಿಕ ನೀತಿಯ ವರದಿಯನ್ನು ಸರ್ಕಾರ 2017ರಲ್ಲಿ ಅಂಗೀಕರಿಸಿತು. ಇಂಥ ನೇಮಕಗಳು ಚುನಾವಣೆಯ ಗಾಳಿಗೆ ಸಿಗದ ಹಾಗೆ ಕಟ್ಟುಪಾಡು ಬಾರದೆ ಯಾವ ನೀತಿಯೂ ನೆಲಕ್ಕಿಳಿಯದು.

ನಗರಪಾಲಿಕೆಯ ಪಾತ್ರ ಇವೆಲ್ಲಕ್ಕಿಂತ ಚಿಕ್ಕದಾಗಿ ಉಳಿದದ್ದು ವಿಷಾದದ ಸಂಗತಿ. 1949ರಲ್ಲಿ ಪೇಟೆ ಮತ್ತು ದಂಡಿನ ಮುನಿಸಿಪಾಲಿಟಿಗಳು ಸೇರಿ ಕಾರ್ಪೊರೇಷನ್ ಆದಂದಿನಿಂದ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೂ, ಸಂಸ್ಕೃತಿಯ ಹೆಸರಿನ ಖರ್ಚು ಹೆಚ್ಚಾಗಿ ಹರಿದದ್ದು ಕರಗ, ಕಡಲೆಕಾಯಿ ಪರಿಷೆ, ಕೆಂಪೇಗೌಡ ದಿನಾಚರಣೆಯಂಥ ಉತ್ಸವಗಳ ಕಡೆಗೆ. ಕರಗ ಬೇಡವೆನ್ನುವವರು ಬೆಂಗಳೂರಿನವರೇ ಅಲ್ಲ. ಆದರೆ ವರ್ಷದ ಉಳಿದ ದಿನಗಳಲ್ಲಿ ನಗರದ ಕಲೆಯನ್ನು ಸಾಕುವವರು ಪುಟ್ಟ ತಂಡಗಳು. ಹನುಮಂತನಗರದ ಕೆ.ಎಚ್. ಕಲಾಸೌಧವನ್ನು ಕಟ್ಟಿಸಿದ್ದು ಪಾಲಿಕೆ ಮಾಡಿದ ಒಳ್ಳೆಯ ಕೆಲಸ. ದೊಡ್ಡ ಕಲಾಕ್ಷೇತ್ರವನ್ನು ತುಂಬಿಸಲಾಗದ ಹೊಸ ತಂಡಗಳಿಗೆ ದಕ್ಷಿಣ ಬೆಂಗಳೂರಿನಲ್ಲಿ ಕೈಗೆಟುಕುವ ವೇದಿಕೆಯೊಂದು ಸಿಕ್ಕಿತು. ಬಡಾವಣೆಗೊಂದು ಅಂಥದು ಬರಬೇಕಿತ್ತು.

ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾಟಕದಾಚೆಗೂ ಸಾಕ್ಷಿಯಿದೆ. ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ರಾಮೋತ್ಸವದ ಸಂಗೀತ ಕಚೇರಿಗಳು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿ ದಶಕಗಟ್ಟಲೆ ನಡೆದವು. ಅದು ಸರ್ಕಾರಿ ಶಾಲೆ, ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿರುವ ಬಯಲು. ಆ ಬಯಲಿಗೆ ದೇಶದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡಿದರು. ಟಿಕೆಟ್ಟು ಕೊಳ್ಳಲಾಗದವರು ಚಪ್ಪರದ ಹೊರಗೆ, ರಸ್ತೆಯ ಅಂಚಿನಲ್ಲಿ, ಕಡಲೆಕಾಯಿ ತಿನ್ನುತ್ತ ಕೇಳಿದರು. ಇದಕ್ಕೆ ಖಜಾನೆಯಿಂದ ದೊಡ್ಡ ಮೊತ್ತವೇನೂ ಬೇಕಾಗಲಿಲ್ಲ.

ರಂಗಶಂಕರದ್ದೂ ಅದೇ ಮಾತು. 1990ರಲ್ಲಿ ಶಂಕರ್ ನಾಗ್ ತೀರಿಕೊಂಡ ಮೇಲೆ ಅರುಂಧತಿ ನಾಗ್ ಮತ್ತು ಗೆಳೆಯರು ಸಂಕೇತ್ ಟ್ರಸ್ಟ್ ಕಟ್ಟಿದರು. ಜೆ.ಪಿ. ನಗರದ ನಿವೇಶನ ಸರ್ಕಾರದಿಂದ ಗುತ್ತಿಗೆಗೆ ಸಿಕ್ಕಿತು. ಕಟ್ಟಡಕ್ಕೆ ದಾನಿಗಳ, ಕಂಪನಿಗಳ ಹಣ ಕೂಡಿತು. 2004ರ ಅಕ್ಟೋಬರ್‌ನಲ್ಲಿ ರಂಗಮಂದಿರ ತೆರೆಯಿತು. ತಂಡಗಳಿಂದ ಪಡೆಯುವ ಬಾಡಿಗೆಯನ್ನು ಬೇಕೆಂದೇ ಕಡಿಮೆ ಇಟ್ಟರು, ದಿನಕ್ಕೊಂದು ನಾಟಕವೆಂಬ ಶಿಸ್ತು ತಂದರು, ಹೇಳಿದ ಹೊತ್ತಿಗೆ ಬಾಗಿಲು ಮುಚ್ಚಿದರು. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಹೊರಗೇ. ಸರ್ಕಾರ ನೆಲ ಕೊಟ್ಟು, ನಡೆಸುವ ಕೆಲಸವನ್ನು ಬಲ್ಲವರಿಗೆ ಬಿಟ್ಟಿದ್ದರಿಂದ ಇಷ್ಟಾಯಿತು.

ಕೇಂದ್ರದ ಸಂಸ್ಕೃತಿ ಸಚಿವಾಲಯ ರೆಪರ್ಟರಿ ತಂಡಗಳ ಗುರು-ಶಿಷ್ಯರಿಗೆ ತಿಂಗಳ ಲೆಕ್ಕದಲ್ಲಿ ಕೊಡುವ ಅನುದಾನ ಕರ್ನಾಟಕದ ಕೆಲವು ತಂಡಗಳಿಗೂ ದಕ್ಕಿದೆ. ಬೆಂಗಳೂರಿನಲ್ಲೇ ನೆಲೆಯಿರುವ, 1993ರಲ್ಲಿ ಹುಟ್ಟಿದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸರ್ಕಾರೇತರ ದಾರಿ ತೋರಿಸಿದೆ. ಐನೂರು ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿ.ಎಸ್.ಟಿ. ಇಲ್ಲದಿರುವುದೂ ಒಂದು ನೆರವೇ. 2020ರಲ್ಲಿ ಕೊರೊನಾ ಬಂದು ರಂಗಮಂದಿರಗಳಿಗೆ ಬೀಗ ಬಿದ್ದಾಗ ಇವು ಯಾವುವೂ ಸಾಲಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಪರಿಹಾರ ಕೊಟ್ಟಿತು. ಅದರಾಚೆ, ತಂಡದ ಗೆಳೆಯರೇ ಒಬ್ಬರಿಗೊಬ್ಬರು ಅಕ್ಕಿ ಬೇಳೆ ಹಂಚಿಕೊಂಡರು.

ಈಗ ತಂಡಗಳನ್ನು ಹೆಚ್ಚು ಕಾಡುತ್ತಿರುವುದು ತಾಲೀಮಿನ ಜಾಗ. ಹಿಂದೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡರೆ ಸಂಜೆ ಒಂದು ಕೊಠಡಿ ಸಿಗುತ್ತಿತ್ತು. ಜವಾನನಿಗೆ ಕಾಫಿಯ ಕಾಸು, ಹೋಗುವಾಗ ಬೆಂಚುಗಳನ್ನು ಮತ್ತೆ ಸಾಲಾಗಿ ಜೋಡಿಸಿಡುವ ಕರಾರು, ಅಷ್ಟೇ. ಸೀಮೆಸುಣ್ಣದಿಂದ ನೆಲದ ಮೇಲೆ ವೇದಿಕೆಯ ಗೆರೆ ಎಳೆದು, ಮೇಷ್ಟರ ಕುರ್ಚಿಯನ್ನು ಸಿಂಹಾಸನ ಮಾಡಿಕೊಂಡು ಮಾತು ಕಲಿತ ನಟರು ಕನ್ನಡ ಸಿನಿಮಾಕ್ಕೂ ಕಿರುತೆರೆಗೂ ಹೋಗಿ ಹೆಸರು ಮಾಡಿದ್ದಾರೆ. ಈಗ ಅದೇ ಬಡಾವಣೆಗಳಲ್ಲಿ ಒಂದು ಹಾಲಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ನಲವತ್ತು ದಿನದ ತಾಲೀಮಿಗೆ ತೆತ್ತ ಬಾಡಿಗೆ ಪ್ರದರ್ಶನದ ದಿನದ ರಂಗಮಂದಿರದ ಬಾಡಿಗೆಯನ್ನು ಎಲ್ಲೋ ದಾಟಿಬಿಡುತ್ತದೆ. ಹಾಗಾಗಿ ತಂಡಗಳು ತಾಲೀಮನ್ನೇ ಕಡಿಮೆ ಮಾಡುತ್ತಿವೆ, ಅದು ವೇದಿಕೆಯ ಮೇಲೆ ಕಾಣುತ್ತಿದೆ ಕೂಡ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳು ಬಂದಿವೆ. ಐದಕ್ಕೂ ಶಾಲೆಗಳಿವೆ, ಸಮುದಾಯ ಭವನಗಳಿವೆ, ಸಂಜೆ ಆರರ ಮೇಲೆ ಬೀಗ ಬಿದ್ದ ಕೊಠಡಿಗಳಿವೆ. ಕಲೆಗೆಂದು ಪ್ರತ್ಯೇಕ ನಿಧಿ ಇಡುವುದು, ಅದನ್ನು ಹಂಚಲು ಬಲ್ಲವರ ಮಂಡಳಿ ಮಾಡುವುದು, ಮಂಜೂರಾದ ಹಣದ ಅರ್ಧವನ್ನಾದರೂ ಮುಂಗಡ ಕೊಡುವುದು ಎಲ್ಲ ಆಗಬೇಕಾದ ಕೆಲಸಗಳೇ, ಆಗಲು ಹೊತ್ತು ಹಿಡಿಯುತ್ತವೆ. ಅಲ್ಲಿಯವರೆಗೆ ಪ್ರತಿ ವಾರ್ಡಿನಲ್ಲಿ ಒಂದು ಕೊಠಡಿಯ ಬೀಗದ ಕೈಯನ್ನು ಆರರಿಂದ ಒಂಬತ್ತರವರೆಗೆ ನೋಂದಾಯಿತ ತಂಡಗಳಿಗೆ ಕೊಡಲಿ. ಬೆಂಚುಗಳನ್ನು ಸಾಲಾಗಿ ಜೋಡಿಸಿಟ್ಟು ಹೋಗುವ ಹೊಣೆ ತಂಡಗಳದು.